ಬೆಟ್ಟದ ಆ ಕಡೆ

"ಅಷ್ಟು ದೊಡ್ಡ ಬೆಟ್ಟ ಒಂದು ಹಾಳೆಯಲ್ಲಿ ಹೇಗೆ ಹಿಡಿಯುತ್ತೆ ಟೀಚರ್?"

ಮೂರನೇ ತರಗತಿಯಲ್ಲಿ ಬಣ್ಣದ ಕಡ್ಡಿಗಳ ಸರಸರ ಸದ್ದು ನಿಂತಿತು. ಕೇಳಿದವಳು ಮುಂದಿನ ಬೆಂಚಿನ ಚಿಣ್ಣಿ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣಿಸದು. ಪಾಠವನ್ನು ಒಮ್ಮೆ ಓದಿ ಹೇಳಿದರೆ ಬಾಯಿಪಾಠ ಮಾಡಿಬಿಡುತ್ತಿದ್ದ ಹುಡುಗಿ, ಚಿತ್ರ ಬಿಡಿಸುವ ಹೊತ್ತಿನಲ್ಲಿ ಮಾತ್ರ ಕೈಕಟ್ಟಿ ಕೂರಬೇಕಾಗಿತ್ತು. ಆ ದಿನದ ಪಾಠ ಬೆಟ್ಟ, ಕಣಿವೆ, ನದಿ, ಬಯಲು. ಮಕ್ಕಳೆಲ್ಲ ಎಂದಿನಂತೆ ಎರಡು ತ್ರಿಕೋನ ಎಳೆದು, ನಡುವೆ ಸೂರ್ಯನನ್ನು ಕೂರಿಸಿ, ಅವನ ಬುಡದಿಂದ ಹಾವಿನಂಥ ಒಂದು ನದಿಯನ್ನು ಕೆಳಗಿಳಿಸುತ್ತಿದ್ದರು.

"ಹಿಡಿಯದೆ ಏನು? ನಾನು ಎರಡು ಬಿಡಿಸಿದೀನಿ," ಎಂದ ಹಿಂದಿನ ಸಾಲಿನ ಹುಡುಗ. ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಿದ್ದ ಅವನನ್ನು ಎಲ್ಲರೂ ವಕೀಲ ಎಂದೇ ಕರೆಯುತ್ತಿದ್ದರು. "ದೂರ ನಿಂತು ನೋಡಿದ್ರೆ ಬೆಟ್ಟ ಚಿಕ್ಕದಾಗುತ್ತೆ."

"ಚಿಕ್ಕದಾಗುತ್ತಾ? ಬೆಟ್ಟವೇ?"

"ಬೆಟ್ಟ ಬಿಡು, ಮನುಷ್ಯರೂ ಆಗ್ತಾರೆ. ನಿಮ್ಮಪ್ಪ ದಿನಾ ನಿನ್ನ ಇಲ್ಲಿ ಬಿಟ್ಟು ವಾಪಸ್ ಹೋಗ್ತಾ ಹೋಗ್ತಾ ಬೆರಳಷ್ಟು ಆಗ್ತಾರೆ. ನಾನೇ ಕಿಟಕಿಯಿಂದ ನೋಡಿದೀನಿ."

ತರಗತಿ ಗೊಳ್ಳೆಂದು ನಕ್ಕಿತು. ಚಿಣ್ಣಿ ನಗಲಿಲ್ಲ. "ಸಂಜೆ ಬರುವಾಗ ಮತ್ತೆ ದೊಡ್ಡವರಾಗಿರ್ತಾರಲ್ಲ," ಎಂದಳು ಮೆಲ್ಲಗೆ. "ಅವರಿಗೆ ನೋವಾಗಲ್ವಾ?"

ಟೀಚರಮ್ಮ ಸೀಮೆಸುಣ್ಣ ಕೆಳಗಿಟ್ಟಳು. ದೂರ, ಹತ್ತಿರ ಎಂದು ಏನೇನೋ ಹೇಳಲು ಹೋಗಿ ತಾನೇ ತಡವರಿಸಿದಳು. ಕೊನೆಗೆ ಹುಡುಗಿಯ ಪಕ್ಕದಲ್ಲಿ ಕುಳಿತು, "ನಿನಗೆ ಬೆಟ್ಟ ಅಂದ್ರೆ ಏನು, ಹೇಳು ನೋಡೋಣ," ಎಂದಳು.

"ಹತ್ತುವಾಗ ತೊಡೆ ನೋಯೋದು, ಇಳಿಯುವಾಗ ಮೊಣಕಾಲು ನಡುಗೋದು. ಅದೇ ಬೆಟ್ಟ."

"ನದಿ?"

"ಎರಡಿವೆ ಟೀಚರ್. ಒಂದು ನಮ್ಮನೆ ಹಿಂದೆ ಪಿಸುಗುಟ್ಟೋದು. ಇನ್ನೊಂದು ಇಲ್ಲಿ ಸೇತುವೆ ಕೆಳಗೆ ಕೂಗಾಡೋದು."

ಚಿಣ್ಣಿಯ ಅಪ್ಪ ಬೆಟ್ಟದ ಮೇಲೆ, ನೆತ್ತಿಗಿಂತ ತುಸು ಕೆಳಗಿದ್ದ ನೀರಿನ ಟ್ಯಾಂಕಿನ ಕಾವಲುಗಾರ; ಟ್ಯಾಂಕಿನ ಪಕ್ಕದಲ್ಲೇ ಮನೆ. ಆ ಸಂಜೆ ಅವಳನ್ನು ಕರೆದೊಯ್ಯಲು ಅಪ್ಪನ ಬದಲು ಅಮ್ಮ ಬಂದಳು, ಸೊಂಟದ ಮೇಲೆ ಕೂಸನ್ನು ಹೊತ್ತುಕೊಂಡು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು; ತೋಳಿನ ಮೇಲೆ ನೂಲಿನ ಎಳೆಗಳು ಅಂಟಿಕೊಂಡೇ ಇದ್ದವು.

"ಈ ತಿಂಗಳು ಮುಗಿದ ಮೇಲೆ ಇವಳನ್ನ ಬಿಡಿಸಿಬಿಡೋಣ ಅಂತಿದೀನಿ ಟೀಚರ್," ಎಂದಳು. "ನೀವು ಪ್ರೀತಿಯಿಂದ ನೋಡ್ಕೋತೀರಿ, ಇಲ್ಲ ಅನ್ನಲ್ಲ. ಆದ್ರೆ ಬೋರ್ಡು ಕಾಣದ ಮಗು ಬೋರ್ಡಿನ ಮುಂದೆ ಕೂತು ಏನು ಮಾಡುತ್ತೆ? ಮನೇಲಿದ್ರೆ ಈ ಕೂಸಿಗಾದ್ರೂ ಜೊತೆಯಾಗುತ್ತೆ."

"ತಿಂಗಳು ಮುಗಿಯೋವರೆಗೂ ಕಳಿಸ್ತೀರಲ್ಲ?" ಎಂದಷ್ಟೇ ಕೇಳಿದಳು ಟೀಚರಮ್ಮ. ಅಮ್ಮನ ಮಾತಿನಲ್ಲಿ ತಪ್ಪೇನೂ ಇಲ್ಲವಲ್ಲ ಎಂಬುದೇ ಅವಳನ್ನು ಕೊರೆಯತೊಡಗಿತು.

ಟೀಚರಮ್ಮನ ಗಂಡ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಮಾರನೆಯ ಸಂಜೆ ಅವನು ಹೆಂಡತಿ ಹೇಳಿದಂತೆ ರಟ್ಟಿನ ಚೂರುಗಳನ್ನೂ ಹಾಳು ಕಾಗದದ ಮೂಟೆಯನ್ನೂ ಸೈಕಲ್ಲಿಗೆ ಕಟ್ಟಿ ತಂದ. "ಮನೆಗೆ ಬೆಟ್ಟ ತರುವ ಹೆಣ್ಣು ಅಂತ ಮದುವೆಗೆ ಮುಂಚೆ ಯಾರೂ ಒಂದು ಮಾತು ಹೇಳಲಿಲ್ಲ ನೋಡು," ಎಂದು ಏದುಸಿರು ಬಿಡುತ್ತ ಇಳಿಸಿದ. ಜೊತೆಗೆ ಊರಿನ ದೊಡ್ಡ ನಕ್ಷೆಯೊಂದನ್ನೂ ತಂದಿದ್ದ. ಅದರಲ್ಲಿ ಬೆಟ್ಟ ಬೆಟ್ಟದ ಹಾಗಿರಲಿಲ್ಲ. ಹೆಬ್ಬೆಟ್ಟಿನ ಗುರುತಿನಂತೆ ಒಂದರೊಳಗೊಂದು ಸುತ್ತುಗೆರೆಗಳು. ಒಂದೊಂದು ಗೆರೆ ಒಂದೊಂದು ಎತ್ತರ ಎಂದು ಟೀಚರಮ್ಮ ಎಂದೋ ಪರೀಕ್ಷೆಗೆ ಓದಿ ಬರೆದು ಮರೆತಿದ್ದಳು.

ತರಗತಿಯ ಹಿಂಭಾಗದಲ್ಲಿ ಎರಡು ಹಳೆಯ ಮೇಜು ಜೋಡಿಸಿ, ಕೈಯಿಂದ ಮುಟ್ಟಿ ತಿಳಿಯುವಂಥ ಊರಿನ ಮಾದರಿ ಮಾಡುವ ಕೆಲಸ ಶುರುವಾಯಿತು. ಒಂದು ಸಾಲಿನ ಮಕ್ಕಳು ಗೆರೆಗಳನ್ನು ದೊಡ್ಡದು ಮಾಡಿ ರಟ್ಟಿನ ಮೇಲೆ ಎಳೆದರು, ಇನ್ನೊಂದು ಸಾಲು ಕತ್ತರಿಸಿತು, ಮತ್ತೊಂದು ಸಾಲು ಒಂದರ ಮೇಲೊಂದು ಅಂಟಿಸಿತು. ಕಾಗದ ನೆನೆಸಿ ಹಿಸುಕಿ ಮುದ್ದೆ ಮಾಡುವ ಕೆಲಸ ಚಿಣ್ಣಿಯದು. ಮೊಣಕೈವರೆಗೂ ಬಕೆಟ್ಟಿನೊಳಗೆ ಕೈಯಿಟ್ಟು ಕೂತರೆ ಗಂಟೆ ಬಾರಿಸಿದರೂ ಏಳುತ್ತಿರಲಿಲ್ಲ.

ರಟ್ಟಿನ ಮೆಟ್ಟಿಲುಗಳಿಗೆ ಮುದ್ದೆ ಮೆತ್ತುವಾಗ ವಕೀಲ ಎಲ್ಲ ಕಡೆ ಒಂದೇ ಇಳಿಜಾರು ಬರುವಂತೆ ನಯವಾಗಿ ಸವರಿಬಿಟ್ಟಿದ್ದ. ಚಿಣ್ಣಿ ಶಾಲೆಯ ಕಡೆಯ ಬುಡದಿಂದ ಬೆರಳು ಏರಿಸುತ್ತ ಹೋದವಳು ಅರ್ಧಕ್ಕೇ ನಿಂತಳು.

"ಇಲ್ಲಿ ಹೀಗಿಲ್ಲ. ಇಲ್ಲಿ ಬಂದ ಕೂಡಲೇ ಅಪ್ಪ ಕಲ್ಲಿನ ಮೇಲೆ ಕೂತು ಉಸಿರು ತಗೋತಾರೆ. ಇದಕ್ಕಿಂತ ಕೆಳಗೆ ಬಹಳ ಕಡಿದು. ಮೇಲೆ ಸ್ವಲ್ಪ ದೂರ ಸುಮ್ಮನೆ ನಡೀಬಹುದು, ಮಾತಾಡ್ಕೊಂಡು."

"ನಾನು ಸರಿಯಾಗೇ ಮಾಡಿದೀನಿ," ಎಂದು ವಕೀಲ ವಾದಕ್ಕಿಳಿದ. ಟೀಚರಮ್ಮ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರಿಯ ಅರ್ಧದವರೆಗೆ ಗೆರೆಗಳು ಒಂದನ್ನೊಂದು ತಳ್ಳಾಡುವಂತೆ ಒತ್ತಾಗಿದ್ದವು: ಕಡಿದಾದ ಏರು. ಅದರ ಮೇಲೆ ಗೆರೆಗಳು ದೂರ ದೂರ, ಆರಾಮಾಗಿ ಹರಡಿಕೊಂಡಿದ್ದವು. ಪರೀಕ್ಷೆಗೆಂದು ತಾನು ಬಾಯಿಪಾಠ ಮಾಡಿದ್ದ ಆ ಒಣ ಗೆರೆಗಳ ಒಳಗೆ ಒಬ್ಬ ಅಪ್ಪ ಕುಳಿತು ಸುಧಾರಿಸಿಕೊಳ್ಳುತ್ತಿದ್ದ.

"ವಕೀಲರೇ, ಕೇಸು ಸೋತಿರಿ," ಎಂದಳು. ವಕೀಲ ಒಂದು ಗಳಿಗೆ ನಕ್ಷೆಯನ್ನೇ ದುರುಗುಟ್ಟಿ ನೋಡಿ, ತಾನು ಮೆತ್ತಿದ್ದನ್ನು ತಾನೇ ಕೆರೆದು ತೆಗೆದ.

ಆಮೇಲೆ ಕಣ್ಣಿಗೊಂದು ಕೈಗೊಂದು ಎಂಬಂತೆ ಎಲ್ಲವೂ ಎರಡೆರಡು ಬಗೆಯಲ್ಲಿ ಸಿದ್ಧವಾಯಿತು. ಬಯಲಿಗೆ ಹಸಿರು ಬಣ್ಣ, ಅದರ ಮೇಲೆ ಒರಟು ಬಟ್ಟೆಯ ತುಂಡು. ಕಾಡಿಗೆ ಕಡುಹಸಿರು ಬಳಿದ ಪೊರಕೆಯ ತುದಿಗಳು. ನದಿಗೆ ನೀಲಿ, ನೀಲಿಯ ಮೇಲೆ ತಣ್ಣಗೆ ನುಣುಪಾಗಿ ಆರಿದ ಮೇಣ. ಸೇತುವೆಗೆ ಬೆಂಕಿಕಡ್ಡಿ, ಮನೆಗಳಿಗೆ ಅಂಗಿಯ ಗುಂಡಿಗಳು. ಆ ಗುಂಡಿಗಳನ್ನು ಚಿಣ್ಣಿ ಅಮ್ಮನ ಹೊಲಿಗೆ ಡಬ್ಬಿಯಿಂದ ಕೇಳದೆಯೇ ತಂದಿದ್ದಳು.

ಎಲ್ಲ ಒಣಗಿದ ದಿನ ಶಾಲೆ ಬಿಡುವ ಹೊತ್ತಿಗೆ ಅಮ್ಮ ಬಂದು ಬಾಗಿಲಲ್ಲಿ ನಿಂತಳು. ತಿಂಗಳು ಮುಗಿದಿತ್ತು. ಟೀಚರಮ್ಮ ಅವಳಿಗೆ ಒಳಗೆ ಬರುವಂತೆ ಸನ್ನೆ ಮಾಡಿ, ಚಿಣ್ಣಿಯನ್ನು ಮೇಜಿನ ಮುಂದೆ ಕುರ್ಚಿಯ ಮೇಲೆ ನಿಲ್ಲಿಸಿದಳು. ಇಷ್ಟು ದಿನ ಹುಡುಗಿ ತುಂಡು ತುಂಡಾಗಿ ಮುಟ್ಟಿದ್ದಳೇ ಹೊರತು ಇಡಿಯಾಗಿ ಅವಳ ಕೈಗೆ ಸಿಕ್ಕಿರಲಿಲ್ಲ.

ಚಿಣ್ಣಿ ಎರಡೂ ಅಂಗೈಗಳನ್ನು ಊರಿನ ಮೇಲೆ ಇಳಿಸಿದಳು. ಶಾಲೆಯ ಗುಂಡಿ ಸಿಕ್ಕಿತು. ದಾರಿ ಸಿಕ್ಕಿತು. ಬೆರಳುಗಳು ಕಡಿದಾದಲ್ಲಿ ನಿಧಾನವಾಗಿ ಹತ್ತಿ, ಅಪ್ಪ ಕೂರುವ ಜಾಗದಲ್ಲಿ ತುಸು ನಿಂತು, ಮುಂದೆ ಹೋಗಿ ಒಂಟಿ ಗುಂಡಿಯನ್ನು ಮುಟ್ಟಿದವು. "ನಮ್ಮನೆ," ಎಂದಳು. ಮನೆಯ ಹಿಂದಿನ ನುಣುಪು ಗೆರೆಯನ್ನು ಹಿಡಿದು ಕೆಳಗಿಳಿದಳು. ಗೆರೆ ಬಳುಕಿತು, ಅಗಲವಾಯಿತು, ಬೆಟ್ಟದ ಬುಡವನ್ನು ಬಳಸಿ ಬಂದು ಬೆಂಕಿಕಡ್ಡಿಗಳ ಅಡಿಯಲ್ಲಿ ನುಸುಳಿತು. ಅವಳ ಬೆರಳು ಅಲ್ಲೇ ನಿಂತಿತು.

"ಟೀಚರ್, ಇದು ಸೇತುವೆ."

"ಹೌದು."

"ಮನೆ ಹಿಂದೆ ಪಿಸುಗುಟ್ಟೋದೂ ಇಲ್ಲಿ ಕೂಗಾಡೋದೂ... ಒಂದೇನಾ?"

"ಒಂದೇ ಪುಟ್ಟಿ."

ಮತ್ತೆ ಮೇಲಿಂದ ಕೆಳಗೆ ಬಂದಳು, ಇನ್ನೊಮ್ಮೆ ಬಂದಳು. ಆಮೇಲೆ ಅವಳ ಕೈ ಮನೆಯನ್ನು ದಾಟಿ ಮೇಲೇರಿತು, ನೆತ್ತಿಯನ್ನು ಮುಟ್ಟಿತು. ಅಲ್ಲಿಗೆ ಮುಗಿಯಿತು ಎಂದುಕೊಂಡವಳಂತೆ ಹುಡುಗಿ ಕೈ ಎತ್ತಲು ಹೋದಳು. ಆದರೆ ಕೈ ಆಚೆಗೆ ಜಾರಿತು.

ಚಿಣ್ಣಿಯ ಬಾಯಿ ತೆರೆದುಕೊಂಡಿತು. ಕೈ ಇಳಿಯುತ್ತಲೇ ಹೋಯಿತು, ತೋಳು ಚಾಚುವಷ್ಟೂ ಇಳಿಯಿತು.

"ಬೆಟ್ಟಕ್ಕೆ ಆ ಕಡೆನೂ ಇದೆ!" ಎಂದು ಕೂಗಿದಳು. "ಅಮ್ಮಾ, ಆ ಕಡೆನೂ ಇದೆಯಂತೆ! ನಿನಗೆ ಗೊತ್ತಿತ್ತಾ?"

ಅಮ್ಮ ಕೂಸನ್ನು ಟೀಚರಮ್ಮನ ಕೈಗಿತ್ತು ಹತ್ತಿರ ಬಂದಳು. ಚಿಣ್ಣಿ ತಡಕಾಡಿ ಅವಳ ತೋರುಬೆರಳು ಹಿಡಿದು, ಮನೆಯಿಂದ ನೆತ್ತಿಗೆ, ನೆತ್ತಿಯಿಂದ ಆಚೆಗೆ ನಡೆಸಿಕೊಂಡು ಹೋದಳು. ದೊಡ್ಡವಳು ಚಿಕ್ಕವಳ ಹಿಂದೆ ಸುಮ್ಮನೆ ಹೋದಳು.

"ಇಲ್ಲ ಕಣೇ," ಎಂದಳು ಕೊನೆಗೆ. ಅವಳ ದನಿ ಬೇರೆಯಾಗಿತ್ತು. "ಮದುವೆಯಾಗಿ ಬಂದಾಗಿಂದ ಅಲ್ಲೇ ಇದೀನಿ. ಆ ಕಡೆ ಹೋಗಿ ನೋಡಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ."

ಹೊರಡುವಾಗ ಬಾಗಿಲ ಬಳಿ ತಿರುಗಿ, ತಪ್ಪೊಪ್ಪಿಕೊಳ್ಳುವವಳಂತೆ ಕೇಳಿದಳು: "ಸೋಮವಾರ ಬೆಲ್ಲು ಎಷ್ಟು ಹೊತ್ತಿಗೆ ಟೀಚರ್? ಅದೇ ಹೊತ್ತಿಗೇ ಅಲ್ವಾ?"

"ಅದೇ ಹೊತ್ತಿಗೆ," ಎಂದಳು ಟೀಚರಮ್ಮ. ಕೂಸು ಇನ್ನೂ ಅವಳ ತೋಳಲ್ಲೇ ಇದ್ದುದು ಆಗಲೇ ಇಬ್ಬರಿಗೂ ನೆನಪಾದದ್ದು.

ಭಾನುವಾರ ಬೆಳಗ್ಗೆ ಅವರು ನೆತ್ತಿಗೆ ಹತ್ತಿದರು. ಟೀಚರಮ್ಮನನ್ನು ಬರಲೇಬೇಕೆಂದು ಚಿಣ್ಣಿ ಹಟ ಹಿಡಿದಿದ್ದಳು. ಅಪ್ಪ ಮುಂದೆ ಮುಂದೆ ಪೊದೆ ಸರಿಸುತ್ತ ಹೋದ. ಅಷ್ಟು ವರ್ಷ ಕಿಟಕಿಯಿಂದ ನೋಡಿ, ಬೋರ್ಡಿನ ಮೇಲೆ ಬರೆದು ಅಳಿಸಿದ್ದ ಬೆಟ್ಟವನ್ನು ಟೀಚರಮ್ಮ ಮೊದಲ ಸಲ ಕಾಲಿನಿಂದ ಅರಿಯುತ್ತಿದ್ದಳು, ಎದೆ ಡವಗುಟ್ಟುತ್ತಿತ್ತು. ನೆತ್ತಿ ಮುಟ್ಟಿದ್ದೇ ತಡ, ಆಚೆ ಕಡೆಯ ಗಾಳಿ ಎಲ್ಲರ ಮುಖಕ್ಕೂ ಒಟ್ಟಿಗೆ ಬಡಿಯಿತು. ಅಮ್ಮ "ಅಯ್ಯೋ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

"ಏನು ಕಾಣುತ್ತೆ ಟೀಚರ್?"

ಕಣಿವೆ, ಬಯಲು, ಉಪನದಿ, ಎಲ್ಲಕ್ಕೂ ಟೀಚರಮ್ಮನ ಬಳಿ ಹೆಸರಿತ್ತು. ಕೆಳಗೆ ಮಂಜು ಕರಗುತ್ತಿತ್ತು. ಅದರೊಳಗಿಂದ ನೆಲ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತ, ಯಾರಿಗೂ ಕಾಯದೆ, ಕಣ್ಣು ಸೋಲುವವರೆಗೂ ಹೋಗಿತ್ತು. ಆ ಹೆಸರುಗಳನ್ನೆಲ್ಲ ಅವಳು ಬದಿಗಿಟ್ಟಳು.

"ಇನ್ನೊಂದು ಬೆಟ್ಟ," ಎಂದಳು.

ಚಿಣ್ಣಿ ನಕ್ಕಳು. "ಅದಕ್ಕೂ ಆ ಕಡೆ ಇರುತ್ತಲ್ಲಾ?"

ಉತ್ತರಕ್ಕೆ ಕಾಯದೆ ಅವಳು ಚಪ್ಪಲಿ ಬಿಚ್ಚಿದಳು. ಅಪ್ಪನ ಕೈ ಹಿಡಿದೇ ಒಂದು ಪಾದವನ್ನು ಮುಂದೆ ಚಾಚಿ, ಬೆರಳುಗಳಿಂದ ಹುಲ್ಲನ್ನು ತಡವುತ್ತ, ನೆಲ ಎಲ್ಲಿಂದ ಇಳಿಯತೊಡಗುತ್ತದೆ ಎಂದು ಹುಡುಕಿದಳು.