ಎರಡು ಬಾಗಿಲ ನಡುವಿನ ಕೆಮ್ಮು

ಬಸುರಿ ತಂಗಿಗೆ ಆರು ತಿಂಗಳು ತುಂಬಿತ್ತು. ಅವಳೊಳಗೆ ದುಡಿಯುತ್ತಿದ್ದದ್ದು ಬಸ್ ಕಂಡಕ್ಟರ್ ಆಗಿದ್ದ ಒಡಹುಟ್ಟಿದ ಅಕ್ಕ ಕೊಟ್ಟ ಕಿಡ್ನಿ. ಅದನ್ನು ದೇಹ ಪರರದೆಂದು ತಳ್ಳಿಬಿಡದಿರಲಿ ಎಂದು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಅಂಥವಳನ್ನು ಅವಳು ಕೆಲಸಕ್ಕಿದ್ದ ಗೋದಾಮಿನ ಯಜಮಾನ ನೆಲಮಾಳಿಗೆಗೆ ಇಳಿಸಿ, ನೀರು ಸೋರಿ ಬೂಸ್ಟು ಹಿಡಿದ ರಟ್ಟಿನ ಪೆಟ್ಟಿಗೆಗಳನ್ನು ವಿಂಗಡಿಸಲು ಹಚ್ಚಿದ್ದ. "ಕೂತು ಮಾಡೋ ಕೆಲಸ, ಬಸುರಿಗೆ ಆರಾಮ" ಎಂಬ ಉಪಕಾರದ ಮಾತು ಬೇರೆ.

ಕೆಮ್ಮು ಹತ್ತಿತು. ಜ್ವರ ಬಿಡಲೊಲ್ಲದು.

"ಕಿಡ್ನಿ ಚೆನ್ನಾಗಿದೆ. ಬಸುರಿಗೆ ಔಷಧಿ ಬರೆಯೋಕೆ ನಾನ್ಯಾರು? ಎದುರು ಕೋಣೆಗೆ ಹೋಗಿ" ಎಂದರು ಆಸ್ಪತ್ರೆಯ ಕಿಡ್ನಿ ಡಾಕ್ಟರು. ಎದುರು ಕೋಣೆಯ ಹೆರಿಗೆ ಡಾಕ್ಟರಮ್ಮ, "ಮಗು ಚೆನ್ನಾಗಿದೆ. ಬಸುರೀಲಿ ಏದುಸಿರು ಸಹಜ. ಜ್ವರಕ್ಕೆ ಕಿಡ್ನಿಯವರನ್ನೇ ಕೇಳಿ" ಎಂದರು. ಕಿಡ್ನಿ ಚೆನ್ನಾಗಿತ್ತು, ಮಗು ಚೆನ್ನಾಗಿತ್ತು. ಎರಡನ್ನೂ ಹೊತ್ತವಳು ಮಾತ್ರ ಯಾವ ವಿಭಾಗಕ್ಕೂ ಸೇರಿರಲಿಲ್ಲ.

ಮತ್ತೆ ಮತ್ತೆ ಹೀಗೇ ಅಲೆಸಿದಾಗ ಅಕ್ಕನ ತಾಳ್ಮೆ ಕಿತ್ತುಹೋಯಿತು. ತಂಗಿಯನ್ನು ಬೆಂಚಿಗೆ ಒರಗಿಸಿ, ಎರಡು ಬಾಗಿಲ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳಮ್ಮ, ದಾರಿ ಬಿಡು" ಎಂದ ಕಾವಲುಗಾರ.

"ಮುಂದೆ ಹೋಗಿ, ಮುಂದೆ ಹೋಗಿ ಅಂತ ದಿನಾ ಜನರನ್ನ ತಳ್ಳೋಳು ನಾನು. ನನ್ನನ್ನೇ ತಳ್ಳೋಕೆ ಬಂದ್ಯೇನಣ್ಣ? ಒಳಗಿರೋ ಇಬ್ಬರನ್ನೂ ಹೊರಗೆ ಕರಿ. ಒಟ್ಟಿಗೆ!"

"ಬೇಡ ಕಣೇ ಅಕ್ಕಾ, ಮರ್ಯಾದೆ ಹೋಗುತ್ತೆ" ಎಂದಳು ತಂಗಿ, ಕೆಮ್ಮಿನ ನಡುವೆ.

"ನೀನು ಸುಮ್ನಿರೇ. ನನ್ನ ಕಿಡ್ನಿ ನಿನ್ನೊಳಗಿದೆ. ಜಗಳ ಆಡೋ ಹಕ್ಕು ನಂದೇ."

ಜನ ನೆರೆದರು. ಎರಡೂ ಬಾಗಿಲು ತೆರೆದವು. ಎದುರುಬದುರು ಕೂತು ರೋಗಿಯ ಕೈಯಲ್ಲೇ ಚೀಟಿ ಕಳಿಸುತ್ತಿದ್ದ ಇಬ್ಬರು ಅಂದು ಮುಖ ನೋಡಿಕೊಂಡು ಮಾತಾಡಿದರು. ಒಂದು ಲೋಟ ನೀರು ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಎದೆಯ ಸ್ಕ್ಯಾನ್ ಆಯಿತು, ಕಫದ ಪರೀಕ್ಷೆ ಆಯಿತು. ಗಟ್ಟಿಮುಟ್ಟಾದ ದೇಹ ಕೊಡವಿ ಬಿಸಾಡುವ, ಬೂಸ್ಟಿನಲ್ಲಿರುವಂಥ ಶಿಲೀಂಧ್ರ ತಂಗಿಯ ಶ್ವಾಸಕೋಶದಲ್ಲಿ ಬೇರು ಬಿಟ್ಟಿತ್ತು.

ಮಗುವಿಗೆ ಅಪಾಯ ಕಡಿಮೆಯಿರುವ ಔಷಧಿಯನ್ನೇ ಆರಿಸಿ ಡ್ರಿಪ್ ಹಾಕಿಸುತ್ತ ಡಾಕ್ಟರಮ್ಮ ಗದರಿದರು: "ತಾಯಿ ಮಗು ಇಬ್ಬರ ಬಗ್ಗೆಯೂ ಈಗಲೇ ಏನೂ ಹೇಳೋಕಾಗಲ್ಲ. ಇಷ್ಟು ತಡವಾಗಿ ಬಂದ್ರೆ ಹೇಗಮ್ಮಾ?"

ಅಕ್ಕ ತಂಗಿಯ ಸುಡುವ ಕೈಯನ್ನು ಬಿಡಲಿಲ್ಲ. "ನಾವು ಆಗಲೇ ಬಂದಿದ್ವಿ ಡಾಕ್ಟ್ರೇ" ಎಂದಳು, ಇಡೀ ವಾರ್ಡಿಗೆ ಕೇಳುವಂತೆ. "ಬಾಗಿಲಾಚೆ ಬರೋಕೆ ತಡ ಮಾಡಿದ್ದು ನೀವು."

ಮೂಲೆಯ ಹಾಸಿಗೆಯಲ್ಲಿ ಮಲಗಿದ್ದ ಇನ್ನೊಬ್ಬ ಬಸುರಿ ಮೊಣಕೈಯೂರಿ ಎದ್ದು ಕೂತಳು. "ಅಕ್ಕಾ, ನನ್ನ ಜ್ವರದ ಬಗ್ಗೇನೂ ಸ್ವಲ್ಪ ಕೇಳಿಕೊಡಿ."