ಖಾಲಿ ಬಿಟ್ಟ ಅರ್ಧ ಗಂಟೆ

ಅತ್ತಿಗೆ ತನ್ನ ದಿನದ ನಡುನಡುವೆ ಖಾಲಿ ಬಿಡುತ್ತಿದ್ದ ಅರ್ಧರ್ಧ ಗಂಟೆಗಳನ್ನು ಕಂಡರೆ ನಾದಿನಿಗೆ ಮೈ ಉರಿಯುತ್ತಿತ್ತು. ಎರಡು ಕೆಲಸಗಳ ನಡುವೆ ಮೂರನೆಯದನ್ನು ತುರುಕದಿದ್ದರೆ ತಿಂದದ್ದು ಅರಗದ ಜೀವ ಅವಳದು. ಅತ್ತಿಗೆ ಮುರಿದುಬಿದ್ದ ಸಂಸಾರಗಳ ಸಮಾಲೋಚಕಿ. ಕೋರ್ಟು ಕಳಿಸಿದ ಗಂಡಂದಿರು, ಏಟು ತಿಂದ ಹೆಂಡತಿಯರು ಬೇರೆಬೇರೆಯಾಗಿ ಅವಳೆದುರು ಕೂತು ಮಾತಾಡಿ ಹೋಗುತ್ತಿದ್ದರು. ಕೋಣೆ ಸಿಗುತ್ತಿದ್ದುದು ವಾರಕ್ಕೊಂದೇ ದಿನ, ಹಾಗಾಗಿ ಇಬ್ಬರೂ ಅದೇ ದಿನ ಬರಬೇಕು. ಯಾರು ಎಷ್ಟು ಹೊತ್ತಿಗೆ ಎಂದು ಹೊರಗಿನ ಮೇಜಿನಲ್ಲಿ ಕೂತು ಗೊತ್ತುಮಾಡುವವಳು ನಾದಿನಿ.

“ಗಂಡ ಹೋದ್ಮೇಲೆ ಹೆಂಡ್ತಿ ಬರೋಕೆ ಅರ್ಧ ಗಂಟೆ ಯಾಕೆ ಅತ್ತಿಗೆ? ನೀವು ಕಣ್ಮುಚ್ಚಿ ಕೂತ್ಕೊಳ್ಳೋಕಾ?”

“ಏನಾದ್ರೂ ಅನ್ಕೋ. ಆ ಹೊತ್ತಿಗೆ ಮಾತ್ರ ಕೈ ಹಾಕ್ಬೇಡ.”

ಬೇಡ ಎಂದದ್ದನ್ನೇ ಮಾಡಿದರೆ ನಾದಿನಿಗೆ ಸಮಾಧಾನ. ಅಂದು ಯಾರೋ ಹೆಂಗಸು ಇವತ್ತೇ ಬರಬೇಕೆಂದು ಫೋನಿನಲ್ಲಿ ಗೋಳೋ ಎಂದು ಅತ್ತಳು. ನಾದಿನಿಗೆ ಪಾಪ ಎನಿಸಿತು. ಆ ಹೆಂಗಸಿಗೆ ಜಾಗ ಮಾಡಲು ಹನ್ನೊಂದೂವರೆಗೆ ಬರಬೇಕಿದ್ದ ಹೊಲಿಗೆಯವಳನ್ನು ಹನ್ನೊಂದಕ್ಕೇ ಬರಹೇಳಿದಳು.

ಹೊಲಿಗೆಯವಳು ಗಂಡನ ಏಟು ತಾಳಲಾರದೆ ಅಕ್ಕನ ಗೆಳತಿಯ ಮನೆಯಲ್ಲಿ ಅಡಗಿದ್ದವಳು. ಅವನು ಊರೆಲ್ಲ ಜಾಲಾಡುತ್ತಿದ್ದ. ಅವಳೂ ಇಲ್ಲಿಗೇ ಬರುತ್ತಾಳೆಂದು ಅವನಿಗೆ ಗೊತ್ತಾದರೆ ಅವಳ ಕಥೆ ಮುಗಿದಂತೆಯೇ. ಅವನ ಸರದಿ ಹನ್ನೊಂದಕ್ಕೇ ಮುಗಿಯುತ್ತದಲ್ಲ, ಅವನು ಹೋದ, ಇವಳು ಬಂದಳು, ಮಧ್ಯೆ ಆಕಾಶವೇನು ಕಳಚಿ ಬೀಳುತ್ತದೆಯೇ? ಇದು ನಾದಿನಿಯ ಲೆಕ್ಕ.

ಆ ಕೋಣೆಯಲ್ಲಿ ಕೂತು ಬೆಂದು ಬಂದ ಗಂಡಸು ನೆಟ್ಟಗೆ ಮನೆಗೆ ಹೋಗುವುದಿಲ್ಲ. ಮುಖ ತೊಳೆಯುತ್ತಾನೆ, ಮೆಟ್ಟಿಲ ಮೇಲೆ ಕೂತು ಸಿಗರೇಟು ಎಳೆಯುತ್ತಾನೆ, ಗೋಡೆ ನೋಡುತ್ತಾ ಹಲ್ಲು ಕಡಿಯುತ್ತಾನೆ. ಅತ್ತಿಗೆಗೆ ಇದು ಗೊತ್ತಿತ್ತು. ಬಿಡಿಸಿ ಹೇಳುವ ವ್ಯವಧಾನ ಅವಳಿಗಿರಲಿಲ್ಲ, ಕೇಳುವ ತಾಳ್ಮೆ ನಾದಿನಿಗಿರಲಿಲ್ಲ.

ಹೊಲಿಗೆಯವಳು ಮೆಟ್ಟಿಲು ಹತ್ತಿ ಬಂದು ನಾದಿನಿಯನ್ನು ನೋಡಿ ನಕ್ಕಳು. ಅಷ್ಟರಲ್ಲಿ ಕಾರಿಡಾರಿನ ಕೊನೆಯ ಟಾಯ್ಲೆಟ್ಟಿನ ಚಿಲಕ ಸರಿಯಿತು. ಗಂಡ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ ಹೊರಬಂದ.

“ಓಹೋ! ಇಲ್ಲಿಗೆ ಬಂದು ನನ್ಮೇಲೆ ಕಥೆ ಕಟ್ತಿದ್ದೀಯಾ?”

ಅವಳು ತಿರುಗಿ ಓಡುವಷ್ಟರಲ್ಲಿ ಜಡೆ ಅವನ ಮುಷ್ಟಿಯಲ್ಲಿತ್ತು. ಒಂದೇ ಎಳೆತಕ್ಕೆ ಹಿಂದಕ್ಕೆ ಬಂದವಳ ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಹಲ್ಲು ಮುರಿದ ಸದ್ದು ನಾದಿನಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಸಲ ಅಪ್ಪಳಿಸಿದಾಗ ರಕ್ತ ಇವಳ ಕುಪ್ಪಸಕ್ಕೆ ಸಿಡಿಯಿತು. ಅವಳು ಕುಸಿದಳು, ಅವನು ಬೂಟುಗಾಲಿನಿಂದ ಪಕ್ಕೆಗೆ ಒದೆಯತೊಡಗಿದ. “ಎಲ್ಲಿದ್ದೆ? ಬೊಗಳು, ಎಲ್ಲಿದ್ದೆ?” ಒಂದೊಂದು ಪ್ರಶ್ನೆಗೆ ಒಂದೊಂದು ಒದೆ.

ನಾದಿನಿ ಕೈಗೆ ಸಿಕ್ಕ, ಕಾಗದ ತೂತು ಮಾಡುವ ಕಬ್ಬಿಣದ ಪಂಚಿಂಗ್ ಮಷೀನನ್ನು ಎತ್ತಿ ಅವನ ಕಿವಿಯ ಮೇಲೆ ಬೀಸಿದಳು. ಅವನು ತತ್ತರಿಸಿದ. ಇನ್ನೊಂದು ಏಟು ಭುಜಕ್ಕೆ, ಮತ್ತೊಂದು ಮೂಗಿಗೆ. ಅವನು ನೆಲ ಕಚ್ಚಿದ ಮೇಲೂ ಅವಳ ಕೈ ನಿಲ್ಲಲಿಲ್ಲ. ಹೊಡೆಯುವುದು ಅಷ್ಟು ಹಾಯೆನಿಸಿದ್ದನ್ನು ನೆನೆದು ಆಮೇಲೆ ಅವಳಿಗೇ ಹೇಸಿಗೆಯಾಯಿತು.

“ಸಾಕು ಬಿಡೇ! ಸತ್ತುಹೋಗ್ತಾನೆ!” ಒಳಗಿಂದ ಓಡಿಬಂದ ಅತ್ತಿಗೆ ಅವಳ ಸೊಂಟ ಹಿಡಿದು ಎಳೆದಳು.

“ಸಾಯ್ಲಿ!”

ಅವನು ಸಾಯಲಿಲ್ಲ. ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಅತ್ತಿಗೆ ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಆಂಬ್ಯುಲೆನ್ಸಿಗೆ ಕಾಯುತ್ತಾ ನಾದಿನಿ ನೆಲದಲ್ಲಿ ಕೂತು ಹೊಲಿಗೆಯವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಊದಿದ ಒಂದು ಕಣ್ಣು ತೆರೆಯಲಿಲ್ಲ, ಉಸಿರೆಳೆದಾಗಲೆಲ್ಲ ಎದೆಯೊಳಗೆ ಗೊರಗೊರ ಸದ್ದು. ಅವಳು ನಾದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

“ಅಕ್ಕಾ,” ಎಂದಳು, ಮುರಿದ ಹಲ್ಲುಗಳ ನಡುವಿಂದ. “ನಾನೇನಾದ್ರೂ ತಪ್ಪು ಟೈಮಿಗೆ ಬಂದ್ನಾ?”

ಸುಳ್ಳು ಹೇಳಲು ನಾದಿನಿಯ ನಾಲಿಗೆ ಏಳಲಿಲ್ಲ.

“ಇಲ್ಲಮ್ಮಾ. ನೀನು ಸರಿಯಾಗೇ ಬಂದೆ. ನಾನೇ ಬೇಗ ಕರೆದೆ.”

ಹೊಲಿಗೆಯವಳು ಆ ಒಂದು ಕಣ್ಣಿನಿಂದ ಅವಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.