ದಕಾರಕ್ಕೆ ಮೂಡಿದ ಕಾಲು

ಯಮನೂರಸಾಬ ಕೊಪ್ಪಳದಲ್ಲಿ ಸೀರೆಯಂಚಿಗೆ ಬಣ್ಣ ಒತ್ತುವ ಕಟ್ಟಿಗೆಯ ಅಚ್ಚುಗಳನ್ನು ಕೊರೆಯುತ್ತಿದ್ದ. ಬಳ್ಳಿ, ಗಿಳಿ, ಮಾವಿನಕಾಯಿ ಯಾವುದನ್ನು ಕೇಳಿದರೂ ಅವನ ಉಳಿಗೆ ಬರುತ್ತಿತ್ತು. ಸಾಲಿಯಲ್ಲಿ ಕಲಿತದ್ದು ಉರ್ದು. ದಿನವಿಡೀ ಕನ್ನಡದಲ್ಲೇ ವ್ಯವಹಾರ ಮಾಡುತ್ತಿದ್ದರೂ ಅದನ್ನು ಓದಲು ಬರುತ್ತಿರಲಿಲ್ಲ. ಇಂಥವನನ್ನು ೧೯೪೧ರ ಬೇಸಿಗೆಯಲ್ಲಿ ಓಬಳೆಪ್ಪ ತನ್ನ ಛಾಪಖಾನೆಗೆ ಕರೆಸಿಕೊಂಡ.

ಓಬಳೆಪ್ಪನ ಕೈಯಲ್ಲಿ ಯಾವುದೋ ಸಾಬೂನಿಗೆ ಸುತ್ತಿ ಬಂದ ಇಂಗ್ಲಿಷ್ ಕಾಗದವಿತ್ತು.

"ನೋಡ್ರಿ ಸಾಬ್ರ, ಅಕ್ಷರ ಎಷ್ಟು ದಪ್ಪ ಅದಾವ! ಮುಂದಕ್ಕ ಬಾಗ್ಯಾವ. ಗೆರಿ ಮುಗಿಯೋ ಕಡೆ ಸಣ್ಣ ಸಣ್ಣ ಕಾಲು ಅದಾವ. ಕನ್ನಡದಾಗ ನನಗ ಇಂಥಾವ ಬೇಕು. ಗ್ವಾಡಿಗೆ ಹಚ್ಚಿದ್ರ ಓಡಿ ಬಂದು ಮಂದಿ ರಟ್ಟಿ ಹಿಡೀಬೇಕು."

ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಹುಚ್ಚೀರಪ್ಪ ಬೀಟೆ ಮರದ ತುಂಡುಗಳ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ, ಆದರೆ ನೆಟ್ಟಗೆ ಬರೆದುಕೊಟ್ಟ. ಬಾಗು ಕೊಡುವ ಕೆಲಸ ಯಮನೂರಸಾಬನದು. ಸಾಬೂನಿನ ಕಾಗದವನ್ನು ಎದುರಿಗಿಟ್ಟುಕೊಂಡು, ಅದು ಬಾಗಿದ ಕಡೆಗೇ ಬಾಗಿಸಿ, ಮೂರು ವಾರ ಕೊರೆದ. ಒತ್ತಿ ನೋಡಿದರೆ ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು, ಹೆಂಡ ಕುಡಿದವರು ಗೋಡೆಗೆ ಒರಗಿದಂತೆ. ಅಚ್ಚಿನಲ್ಲಿ ಎಡವೆಂದರೆ ಕಾಗದದಲ್ಲಿ ಬಲ. ಬಳ್ಳಿ ಎತ್ತ ವಾಲಿದರೂ ಬಳ್ಳಿಯೇ ಎಂದು ಇಪ್ಪತ್ತು ವರ್ಷ ಕೊರೆದ ಕೈಗೆ ಅದು ಹೊಳೆದಿರಲಿಲ್ಲ. ಅವನು ಹುಚ್ಚೀರಪ್ಪನ ಮೇಲೂ ಸಿಟ್ಟಾಗಲಿಲ್ಲ, ಓಬಳೆಪ್ಪನ ಮೇಲೂ ಆಗಲಿಲ್ಲ. ಮನೆಗೆ ಬಂದು ಉಳಿಯನ್ನು ನೆಲಕ್ಕೆ ಕುಕ್ಕಿದ. ಹೆಂಡತಿ ಬಾಷಾಬಿ ಅದನ್ನು ಎತ್ತಿ ಗೂಡಿನಲ್ಲಿಟ್ಟಳು. ಮರುದಿನ ಮೊದಲಿನಿಂದ ಶುರು ಮಾಡಿದ.

ಎರಡನೆಯ ಸಲ ಬಾಗು ಸರಿಬಂತು. ಉಳಿದದ್ದು ಕಾಲು. ಕನ್ನಡದ ಅಕ್ಷರ ಗುಂಡಗೆ ಕುಳಿತಿರುತ್ತದೆ. ಕಾಲನ್ನು ಎಲ್ಲಿ ಹಚ್ಚುವುದು?

"ಕಾಲು ಇರೋದು ಕೆಳಗ. ಕೆಳಗ ಹಚ್ಚ್ರಿ," ಎಂದ ಓಬಳೆಪ್ಪ.

"ಧಣ್ಯಾರ, ಅದು ಸರಿ ಕಾಣಂಗಿಲ್ಲ..." ಎಂದು ಹುಚ್ಚೀರಪ್ಪ ಬಾಯಿ ತೆರೆದ.

"ನೀ ಮೊಳಿ ಜೋಡಸು."

ಯಮನೂರಸಾಬ ಪ್ರತಿ ಅಕ್ಷರದ ತಳಕ್ಕೂ ಒಂದು ಗಿಡ್ಡ ಗೆರೆ ಇಟ್ಟ. ಕುಷ್ಟಗಿಯ ಸಂತೆಯ ಗುತ್ತಿಗೆದಾರನಿಗಾಗಿ ಇನ್ನೂರು ಹಾಳೆ ಅಚ್ಚಾದವು. 'ದನಗಳ ಸಂತೆ' ಎಂಬ ಎರಡು ಮಾತು ಹಾಳೆಯ ತುಂಬ ಕಪ್ಪಗೆ ಮುನ್ನುಗ್ಗುತ್ತಿದ್ದವು. ಒದ್ದೆ ಹಾಳೆಯನ್ನು ಬಿಸಿಲಿಗೆ ಹಿಡಿದಾಗ ಅವನ ಎದೆ ಉಬ್ಬಿತು.

ನಾಲ್ಕನೆಯ ದಿನ ಗುತ್ತಿಗೆದಾರ ಕೂಗಾಡುತ್ತಲೇ ಬಂದ. "ದನ ಅಲ್ಲ, ಧನ ಅಂತ ಹೊಡದೀರಿ! ಸರ್ಕಾರ ಧನ ಹಂಚತೈತಿ ಅಂತ ಮಂದಿ ಬರಿಗೈಲೆ ಬಂದು ಕುಂತಾರ. ಎತ್ತು ಒಂದೂ ಬಂದಿಲ್ಲ. ಕಚೇರಿ ಜವಾನ ಬಂದು, ಯಾರ ಧನ, ಯಾರ ಹುಕುಮು ಅಂತ ನನ್ನ ಹಿಡಕೊಂಡಾನ!"

ಮಿಕ್ಕ ಅಕ್ಷರಗಳು ಕಾಲು ಬಂದರೂ ತಾವೇ ಆಗಿ ಉಳಿದಿದ್ದವು. ದಕಾರ ಮಾತ್ರ ಧಕಾರವಾಗಿತ್ತು. ಓಬಳೆಪ್ಪ ಯಮನೂರಸಾಬನ ಕಡೆ ತಿರುಗಿದ. "ಕೊರದವ ಇಂವ ರೀ. ಓದಾಕ ಬರಂಗಿಲ್ಲ ಇವಗ."

"ಕಾಲು ಹಚ್ಚು ಅಂದವರು ಯಾರ್ರಿ?" ಎಂದ ಯಮನೂರಸಾಬ. ಓಬಳೆಪ್ಪ ಅವನ ಕೈಗೊಂದು ಚಾಕು ಕೊಟ್ಟು ಕುಷ್ಟಗಿಗೆ ಕಳಿಸಿದ.

ಎರಡು ದಿನ ಅವನು ಬಿಸಿಲಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ದಕಾರದ ಕಾಲು ಹೆರೆದ. ಮೊದಲು ಬೇರೆ ಅಕ್ಷರಗಳನ್ನೂ ಹೆರೆದುಬಿಡುತ್ತಿದ್ದ. ಮಜ್ಜಿಗೆ ಮಾರುವ ಹೊಳಿಯಮ್ಮನ ಮಗಳು ಸಾಲಿಗೆ ಹೋಗಿದ್ದವಳು, ಅವಳು ನಗುತ್ತ ತೋರಿಸಿಕೊಟ್ಟಳು: "ಇದು ದ, ಕಾಕಾ. ಅದು ಗ. ತಲಿ ನೋಡ್ರಿ, ಎಲ್ಲಾದಕ್ಕೂ ತಲಿಕಟ್ಟು ಐತಿ." ಅವನು ಚಾಕು ಇಳಿಸಿ ತಲೆಕಟ್ಟುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಗೆರೆ ಮುಗಿಯುವ ಜಾಗ, ಚೂಪಾಗಿ ಎಳೆಯುವ ಜಾಗ ಇಲ್ಲಿ ತಲೆಯ ಮೇಲಿತ್ತು. ಇಂಗ್ಲಿಷರ ಅಕ್ಷರ ಕಾಲಲ್ಲಿ ಮಾಡುವುದನ್ನು ಇದು ತಲೆಕಟ್ಟಿನಲ್ಲಿ ಮೊದಲೇ ಮಾಡಿತ್ತು.

ಕೊಪ್ಪಳಕ್ಕೆ ಮರಳಿದವನೇ ಕಾಲುಗಳನ್ನೆಲ್ಲ ತೆಗೆದು, ತಲೆಕಟ್ಟಿನ ತುದಿಯನ್ನು ದಪ್ಪಗೆ, ಓರೆಯಾಗಿ ಎಳೆದು, ಮೂರನೆಯ ಸಲ ಎಲ್ಲವನ್ನೂ ಕೊರೆದ. ಹುಚ್ಚೀರಪ್ಪ ಮಸಿ ಹಚ್ಚಿ ಒಂದು ಹಾಳೆ ತೆಗೆದ. ದನ ದನವಾಗಿಯೇ ಇತ್ತು, ಆದರೂ ಓಡುತ್ತಿತ್ತು. "ಸಾಬ್ರ, ಇಂಥಾದ್ದು ನಾ ನೋಡಿಲ್ಲ," ಎಂದ ಹುಚ್ಚೀರಪ್ಪ.

ಓಬಳೆಪ್ಪ ಹಾಳೆಯನ್ನು ಸಾಬೂನಿನ ಕಾಗದದ ಪಕ್ಕಕ್ಕಿಟ್ಟು ನೋಡಿದ. "ಕಾಲು ಎಲ್ಲಿ?"

"ನಮ್ಮ ಅಕ್ಷರಕ್ಕ ಕೆಳಗ ಬ್ಯಾಡ್ರಿ. ಮ್ಯಾಲೆ ನೋಡ್ರಿ..."

"ಇದರಂಗ ಕಾಣಂಗಿಲ್ಲ." ಓಬಳೆಪ್ಪ ಹಾಳೆ ಮಡಿಚಿದ. "ಹೋಗ್ಲಿ ಬಿಡ್ರಿ. ಗದಗಿಂದ ಸೀಸದ ನೆಟ್ಟನ ಅಕ್ಷರ ತರಸ್ತೀನಿ. ಅವು ಯಾವ ತಂಟೆನೂ ಮಾಡಂಗಿಲ್ಲ."

ಯಮನೂರಸಾಬ ಇನ್ನೊಮ್ಮೆ ಹೇಳಿದ, ಬೆರಳಿಟ್ಟು ತೋರಿಸಿದ, ಕೊನೆಗೆ ಕೂಗಿದ. ಓಬಳೆಪ್ಪ ಅಷ್ಟರಲ್ಲಿ ಬೇರೆ ಗಿರಾಕಿಯೊಡನೆ ಮಾತಿಗಿಳಿದಿದ್ದ. ಅಕ್ಷರದ ಪೆಟ್ಟಿಗೆ ಮೇಜಿನ ಕೆಳಗೆ ಹೋಯಿತು.

ಅವನು ಮತ್ತೆ ಸೀರೆಯಂಚಿನ ಕೆಲಸಕ್ಕೆ ಕುಳಿತ. ಆದರೆ ಬಜಾರಿಗೆ ಹೋದಾಗ ಮೊದಲಿನ ಸುಖ ಉಳಿದಿರಲಿಲ್ಲ. ಕಿರಾಣಿ ಅಂಗಡಿಯ ಹಲಗೆಯ ತಲೆಕಟ್ಟು ಸಣಕಲು, ಚಹಾದಂಗಡಿಯ ಚಕಾರ ಸೊಟ್ಟ. ಒಂದು ದಿನ ಚಹಾದಂಗಡಿಯವನ ಜೊತೆ ಅದಕ್ಕಾಗಿಯೇ ಜಗಳಾಡಿ ಬಂದ.

"ಬರೀ ಒಂದು ಅಕ್ಷರಕ್ಕ?" ಬಾಷಾಬಿ ಬೆರಗಾದಳು.

"ಮೂರು," ಎಂದ ಯಮನೂರಸಾಬ. "ಮೂರೂ ತಪ್ಪು. ತಿದ್ದಿಕೊಡ್ತೀನಿ ಅಂದ್ರ, ಯಾರಿಗೇನು ತ್ರಾಸಾಗೇತಿ ಅಂತಾನ."